ಬಣ್ಣ ಹಿಡಿಯದ ಹುಲಿಗಳು

ಪ್ಲಾಸ್ಟಿಕ್ ಹುಲಿ ಒಂದಕ್ಕೆ ಎಂಬತ್ತು ಸೆಂಟ್, ಅರವತ್ತಕ್ಕೆ ನಲವತ್ತೆಂಟು ಯೂರೋ. ಮಕ್ಕಳ ಆಟಿಕೆಗೆ ಆಗುವಂಥ ಬಣ್ಣ ಆರು ಬಾಟಲಿ, ನಲವತ್ತೆರಡು. ಕುಂಚಗಳಿಗೆ ಹತ್ತು. ಹೀಗೆ ನೂರು ಯೂರೋ ಹಾಕಿ, ಅಷ್ಟಮಿಯ ದಿನ ಮಕ್ಕಳಿಗೆ ಹಂಚಲು ಅರವತ್ತು ವೇಷದ ಹುಲಿಗಳನ್ನು ಮಾಡಿಕೊಡುತ್ತೇನೆಂದು ಸಂಪ್ರೀತಾ ಊರಿನವರ ಸಂಘಕ್ಕೆ ಮಾತು ಕೊಟ್ಟಿದ್ದಳು. ಒಂದಕ್ಕೆ ನಾಲ್ಕು ಯೂರೋ. ಮಂಗಳೂರಿನ ಕೆಲಸ ಬಿಟ್ಟು ಗಂಡನ ಜೊತೆ ಈ ಪರದೇಶದ ಆಲ್ಮೆರೆ ಊರಿಗೆ ಬಂದ ಮೂರು ವರ್ಷಗಳಲ್ಲಿ ಅವಳ ಮೊದಲ ಸಂಪಾದನೆ ಅದಾಗಬೇಕಿತ್ತು. ಕೊಡಬೇಕಾದದ್ದು ಶನಿವಾರ. ಇವತ್ತು ಗುರುವಾರ. ನಿನ್ನೆ ಬಳಿದ ಹನ್ನೆರಡು ಹುಲಿಗಳ ಪಟ್ಟೆಗಳು ಈಗ ಉಗುರು ತಾಗಿದರೆ ಸಾಕು, ಹಾಲಿನ ಕೆನೆಯ ಹಾಗೆ ಎದ್ದು ಬರುತ್ತಿದ್ದವು.

"ಎಂತ ಮಾರಾಯ್ತಿ, ಈ ಊರಿನ ಹುಲಿ ಪೊರೆ ಬಿಡ್ತದಾ?" ಎಂದು ಅತ್ತೆ ಅಕ್ಕು ಮೇಜಿನ ಹತ್ತಿರ ಬಂದರು. ಮಗನ ಮನೆಗೆ ಅವರು ಬಂದು ಎರಡು ವಾರವಾಗಿತ್ತಷ್ಟೆ. ವಿಮಾನ ನಿಲ್ದಾಣದಲ್ಲಿ ಬೆರಳಚ್ಚಿನ ಯಂತ್ರ ಗುರುತು ಮೂಡುತ್ತಿಲ್ಲವೆಂದು ಅವರನ್ನು ನಾಲ್ಕು ಸಲ ವಾಪಸು ಕಳಿಸಿತ್ತು. "ಅಮ್ಮ, ಸರಿಯಾಗಿ ಒತ್ತು, ಹಿಂದೆ ಕ್ಯೂ ಉಂಟು" ಎಂದು ಮಗ ವಿಖ್ಯಾತ್ ಎಲ್ಲರೆದುರು ಗದರಿದ್ದ.

"ತಮಾಷೆ ಬೇಡ ಅತ್ತೆ. ಉಪ್ಪು ಕಾಗದದಲ್ಲಿ ತಿಕ್ಕಿದೆ, ಸೋಪು ಹಾಕಿ ತೊಳೆದೆ, ಎರಡು ಕೋಟ್ ಹಾಕಿದೆ. ನಿಲ್ಲುವುದೇ ಇಲ್ಲ."

ವಿಖ್ಯಾತ್ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ಅವನಿಗೆ ನೂರ್ಡ್‌ವೈಕಿನಲ್ಲಿ ಉಪಗ್ರಹದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ. ಗುರುವಾರ ಮಾತ್ರ ಮನೆಯಿಂದ. "ಅದು ಪಾಲಿಪ್ರೊಪಿಲೀನ್. ಅದಕ್ಕೆ ಯಾವ ಬಣ್ಣವೂ ಅಂಟುವುದಿಲ್ಲ. ಸುಮ್ನೆ ಸಂಘದವರಿಗೆ ಫೋನ್ ಮಾಡಿ ಸಾರಿ ಹೇಳು."

ಸಂಪ್ರೀತಾ ಫೋನ್ ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟಳು. ಅಕ್ಕು ಅದನ್ನು ನೋಡಿದರು. ಒಂದು ಚಮಚ ನೀರು ತಂದು ಬಣ್ಣ ಕಾಣದ ಹುಲಿಯೊಂದರ ಬೆನ್ನಿಗೆ ಸುರಿದರು. ಕೆಸುವಿನ ಎಲೆಯ ಮೇಲೆ ಬಿದ್ದಂತೆ ನೀರು ಹನಿಹನಿಯಾಗಿ ಉರುಳಿ ಹೋಯಿತು.

"ನೋಡು, ನೀರೇ ನಿಲ್ಲುವುದಿಲ್ಲ, ಬಣ್ಣ ಎಲ್ಲಿ ನಿಲ್ತದೆ? ಹುಲಿವೇಷದವನಿಗೆ ಬಣ್ಣ ಹಾಕುವ ಮೊದಲು ಮೈ ಬೋಳಿಸುವುದಿಲ್ವಾ? ಇದಕ್ಕೂ ಮೈ ತಯಾರು ಮಾಡ್ಬೇಕು. ಗ್ಯಾಸ್ ಹಚ್ಚು."

"ಈ ಮನೆಗೆ ಗ್ಯಾಸೇ ಇಲ್ಲ ಅತ್ತೆ, ಎಲ್ಲ ಕರೆಂಟ್."

"ಬೆಂಕಿ ಇಲ್ಲದ ಮನೆಯಾ! ಮತ್ತೆ ಮೊನ್ನೆ ಇವ ಪುಡಿಂಗಿನ ಮೇಲೆ ಸಕ್ಕರೆ ಸುಟ್ಟದ್ದು ಎಂತದರಲ್ಲಿ?"

ಹೌದಲ್ಲ! ವಿಖ್ಯಾತ್ ಶೋಕಿಗೆ ತಂದು ಒಂದೇ ಸಲ ಬಳಸಿದ ಪುಟ್ಟ ಗ್ಯಾಸ್ ಟಾರ್ಚ್ ಕಪಾಟಿನಲ್ಲಿತ್ತು. ಅಕ್ಕು ಅದನ್ನು ಹಿತ್ತಲಿಗೆ ಒಯ್ದು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಗಾಳಿಗೆ ಬೆನ್ನು ಕೊಟ್ಟು ನಿಂತರು. "ಅಮ್ಮಾ, ಪ್ಲಾಸ್ಟಿಕ್ಕಿಗೆ ಬೆಂಕಿಯಾ! ಕರಗ್ತದೆ!" ಎನ್ನುತ್ತ ವಿಖ್ಯಾತ್ ಓಡಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ನೀಲಿ ಜ್ವಾಲೆಯ ತುದಿಯಲ್ಲಿ ಹುಲಿ ಒಂದು ಸುತ್ತು ತಿರುಗಿತು, ಅಷ್ಟೆ. ಒಂದು ಕಡೆಯೂ ಕರಗಲಿಲ್ಲ, ಕಪ್ಪಾಗಲಿಲ್ಲ. ಆರಿದ ಮೇಲೆ ಅದೇ ಚಮಚದ ನೀರು ಸುರಿದರೆ, ಅದು ಬೆನ್ನಿನ ತುಂಬ ತೆಳ್ಳಗೆ ಹರಡಿ ನಿಂತಿತು.

"ಒರೆಸಿ ಈಗಲೇ ಬಣ್ಣ ಹಾಕು. ನಾಳೆಗೆ ಇಟ್ರೆ ಮತ್ತೆ ಮೊದಲಿನ ಹಾಗೆಯೇ."

ಊಟದ ನಂತರ ಸಂಪ್ರೀತಾ ಒಣಗಿದ ಪಟ್ಟೆಯ ಮೇಲೆ ಅಂಟುಪಟ್ಟಿ ಒತ್ತಿ ಕಿತ್ತಳು. ಪಟ್ಟಿಗೆ ಒಂದು ಚುಕ್ಕೆ ಬಣ್ಣವೂ ಬರಲಿಲ್ಲ. ಅವಳು ಚಿಕ್ಕ ಹುಡುಗಿಯ ಹಾಗೆ ಅತ್ತೆಯ ಹೆಗಲು ಹಿಡಿದು ಅಲ್ಲಾಡಿಸಿದಳು.

"ನಮ್ಮ ಲ್ಯಾಬಿನಲ್ಲಿ ಇದನ್ನು ಮಾಡ್ಲಿಕ್ಕೆ ಒಂದು ರೂಮಿನಷ್ಟು ದೊಡ್ಡ ಮೆಷಿನ್ ಉಂಟು" ಎಂದ ವಿಖ್ಯಾತ್, ಹುಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ.

"ಬೈಕಂಪಾಡಿಯ ಫ್ಯಾಕ್ಟರಿಯಲ್ಲಿ ಮೆಷಿನಿನ ಬದಲು ನಾನಿದ್ದೆ" ಎಂದರು ಅಕ್ಕು. "ಎಣ್ಣೆ ಬಾಟಲಿಗೆ ಹೆಸರು ಅಚ್ಚು ಹಾಕುವ ಮೊದಲು ಹೀಗೆ ಬೆಂಕಿ ತೋರಿಸ್ಬೇಕು. ದಿನಕ್ಕೆ ಎರಡು ಸಾವಿರ ಬಾಟಲಿ."

"ನೀನು ಪ್ಯಾಕಿಂಗಿನಲ್ಲಿ ಇದ್ದದ್ದಲ್ವಾ?"

"ನಿನ್ನಪ್ಪನಿಗೆ ಹಾಗೆ ಹೇಳಿದ್ದು. ಬೆಂಕಿಯ ಕೆಲಸ ಅಂದ್ರೆ ಬಿಡ್ತಿರ್ಲಿಲ್ಲ. ಅದಕ್ಕೆ ದಿನಕ್ಕೆ ಹನ್ನೆರಡು ರೂಪಾಯಿ ಜಾಸ್ತಿ ಇತ್ತು. ನಿನಗೆ ಇಂಗ್ಲಿಷ್ ಶಾಲೆ ಬೇಡ್ವಾ? ಹನ್ನೊಂದು ವರ್ಷ ಮಾಡಿದೆ. ಹುಂ, ಮುಂದಿನದ್ದು ಕೊಡು."

ಗುರುವಾರ ಇಪ್ಪತ್ತೈದು, ಶುಕ್ರವಾರ ಉಳಿದದ್ದು, ಬಣ್ಣ ಕೆರೆದು ತೆಗೆದ ಮೊದಲಿನ ಹನ್ನೆರಡೂ ಸೇರಿ. ಅತ್ತೆ ಬೆಂಕಿ ತೋರಿಸುವುದು, ಸೊಸೆ ಪಟ್ಟೆ ಬರೆಯುವುದು. ವಿಖ್ಯಾತನಿಗೆ ಸಂಜೆ ಹೊತ್ತು ಒಣಗಿದ್ದನ್ನು ಸಾಲಾಗಿ ಇಡುವ ಕೆಲಸ ಸಿಕ್ಕಿತು. ಟಾರ್ಚ್ ಮಾತ್ರ ತಾಯಿ ಅವನ ಕೈಗೆ ಕೊಡಲಿಲ್ಲ. "ನಿನಗೆ ಕೈ ಕೂತಿಲ್ಲ, ನನ್ನ ಹಾಗೆ ಬೆರಳು ಸುಟ್ಟುಕೊಳ್ತಿ" ಎಂದರು.

ಶನಿವಾರ ಬೆಳಿಗ್ಗೆ ಪೆಟ್ಟಿಗೆಗೆ ತುಂಬುವಾಗ ವಿಖ್ಯಾತನ ಕೈಯಲ್ಲಿದ್ದ ಹುಲಿಯ ಬೆನ್ನಿನ ಮೇಲೆ ಹೆಬ್ಬೆಟ್ಟಿನ ಗುರುತು ಕಂಡಿತು. ಒಣಗಿದೆಯೇ ಎಂದು ಅಕ್ಕು ಹಸಿ ಬಣ್ಣ ಮುಟ್ಟಿ ನೋಡಿರಬೇಕು. "ಅಯ್ಯೋ, ಇದೊಂದು ಹಾಳಾಯ್ತು. ಕೊಡಿ, ಸರಿ ಮಾಡ್ತೇನೆ" ಎಂದು ಸಂಪ್ರೀತಾ ಕುಂಚ ತೆಗೆದಳು. ವಿಖ್ಯಾತ್ ಕೊಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. ದಪ್ಪ ಕಪ್ಪು ಬಣ್ಣದಲ್ಲಿ ಹೆಬ್ಬೆಟ್ಟು ಚೆನ್ನಾಗಿ ಮೂಡಿತ್ತು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

ಸಂಘದವರು ಐವತ್ತೊಂಬತ್ತು ಹುಲಿಗಳಿಗೆ ದುಡ್ಡು ಕೊಟ್ಟರು. ಒಂದು ಕಡಿಮೆ ಬಂತು; ಅದು ವಿಖ್ಯಾತನ ಜೇಬಿನಲ್ಲಿತ್ತು.