ನನ್ನ ಸರದಿಯ ಕಬ್ಬು

ಹಸಿ ಕಬ್ಬಿನ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಬಾಡಗಂಡಿಯ ಸಕ್ಕರೆ ಕಾರ್ಖಾನೆ ಕಡೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳು ನಮ್ಮ ಸರಕಾರಿ ಹೈಸ್ಕೂಲಿನ ಮುಂದೆ ಹಂಪ್ ದಾಟುವಾಗ ನಿಧಾನವಾಗುತ್ತಿದ್ದವು. ಆಗ ಹಿಂದೆ ಓಡಿ ಒಂದು ಕಬ್ಬು ಎಳೆದುಕೊಳ್ಳುವುದು ನಮ್ಮ ರೂಢಿ, ದಿನಕ್ಕೊಬ್ಬರ ಸರದಿ. ಆ ಮಧ್ಯಾಹ್ನ ಸರದಿ ನನ್ನದಿತ್ತು. ಹೇರು ಒಂದು ಕಡೆ ವಾಲಿದ್ದನ್ನು ಕಂಡು ಹೆದರಿದೆ.

“ನನ್ನ ಕಾಲು ಉಳುಕೈತಿ, ನೀ ಹೋಗ,” ಎಂದು ಗೆಳತಿ ಗಂಗವ್ವನಿಗೆ ಸುಳ್ಳು ಹೇಳಿದೆ.

“ಅಂಜುಬುರುಕಿ. ಕಬ್ಬಿಂದ ಒಂದ ಗಣಿಕಿನೂ ಕೊಡಂಗಿಲ್ಲ ನೋಡ,” ಎಂದು ನಗುತ್ತ ಓಡಿದಳು.

ಅವಳು ಎಳೆದೊಡನೆ ಹಗ್ಗ ಹರಿದು ಹೇರೆಲ್ಲ ಮೈಮೇಲೆ ಜಾರಿತು. ಮಾಸ್ತರರು ಕಬ್ಬು ಸರಿಸಿ ಹೊರತೆಗೆಯುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಸಂಜೆ ಅವಳ ಅವ್ವ ನನ್ನ ಕೈ ಹಿಡಿದು, “ನೀ ಶಾಣ್ಯಾಕಿ. ಹೋಗಬ್ಯಾಡ ಅಂದಿರಬೇಕಲ್ಲವ್ವಾ?” ಎಂದು ಕೇಳಿದರು.

“ಹೂಂ ರೀ, ಅಂದೆ.”

ಅವರು ಸೆರಗಿನಿಂದ ನನ್ನ ಕಣ್ಣೊರೆಸಿದರು.