ಹನ್ನೊಂದನೇ ಸಮೀಕರಣ

ಗುರುತ್ವದ ನಿಯಮವನ್ನು ತುಸು ತಿದ್ದಿದರೆ ಆಕಾಶದಲ್ಲಿ ಕಪ್ಪುಕುಳಿಗಳು ಹುಟ್ಟುವುದೇ ಇಲ್ಲ ಎಂದು ವೈಜಯಂತಿ ಬರೆದಿದ್ದ ಲೇಖನ ವಿಜ್ಞಾನ ಪತ್ರಿಕೆಯಿಂದ ವಾಪಸು ಬಂದಿತ್ತು. ಆರು ವರ್ಷದ ಕೆಲಸ. ಬೇಡವೆಂದ ಪರಿಶೀಲಕರು ಯಾರೆಂದು ಪತ್ರಿಕೆಯವರು ಹೇಳುವುದಿಲ್ಲ. ಅವಳು ನೇರವಾಗಿ, ತನಗೆ ಕಪ್ಪುಕುಳಿಗಳ ಪಾಠ ಹೇಳಿದ್ದ ಪ್ರೊಫೆಸರರ ಮನೆಗೆ ಹೋದಳು.

"ಹೊಸದು ಕಂಡ್ರೆ ಹೆದರೋ ಯಾರೋ ಮುದುಕ ಇರ್ಬೇಕು, ಬಿಡಮ್ಮ," ಎನ್ನುತ್ತಾ ಅವರು ಕಾಫಿ ಮುಂದಿಟ್ಟರು. "ನಾನಾಗಿದ್ರೆ ಕಣ್ಣು ಮುಚ್ಕೊಂಡು ಒಪ್ಕೊಂಡ್ಬಿಡ್ತಿದ್ದೆ. ಏನಂತೆ ಅವನ ತಕರಾರು?"

"ಹನ್ನೊಂದನೇ ಸಮೀಕರಣದಲ್ಲಿ ಪ್ಲಸ್ ಇರಬೇಕಾದ ಕಡೆ ಮೈನಸ್ ಇದೆಯಂತೆ ಸರ್. ಅಲ್ಲಿಂದ ಮುಂದೆ ಎಲ್ಲಾ ತಪ್ಪಂತೆ."

"ಅಷ್ಟೇನಾ? ಅದೊಂದನ್ನ ತಿದ್ದಿ ಇನ್ನೊಂದ್ಸಲ ಕಳ್ಸು."

ವೈಜಯಂತಿ ಲೋಟ ಮುಟ್ಟಲಿಲ್ಲ. ಚೀಲದಿಂದ ಲೇಖನ ತೆಗೆದು, ಆ ಪುಟ ಬಿಡಿಸಿ ಅವರ ಮುಂದಿಟ್ಟಳು. ಅಲ್ಲಿ ಪ್ಲಸ್ ಇತ್ತು.

"ಪತ್ರಿಕೆಗೆ ಕಳಿಸೋ ಮೊದ್ಲೇ ತಿದ್ದಿದ್ದೆ ಸರ್," ಎಂದಳು. "ಮೈನಸ್ ಇದ್ದದ್ದು, ಒಮ್ಮೆ ನೋಡಿಕೊಡಿ ಅಂತ ನಿಮ್ಮ ಕೈಗೆ ಕೊಟ್ಟಿದ್ದೆನಲ್ಲ, ಆ ಪೆನ್ಸಿಲ್ ಕರಡಲ್ಲಿ ಮಾತ್ರ."