ಹೆಂಗಸರಿಗೆ ಎಡಗೈ

ಸೊಸೆಯ ರಕ್ತನಾಳಗಳಲ್ಲಿ ಉರಿಯೂತವಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಅತ್ತೆ ನಂಬಿರಲಿಲ್ಲ. ದಿನಾ ಮಾತ್ರೆ ನುಂಗುವುದನ್ನು ಬಿಡಿಸಲೇಬೇಕೆಂದು ಅವಳನ್ನು ನಾಡಿ ನೋಡುವ ಪಂಡಿತರ ಬಳಿಗೆ ಕರೆತಂದರು.

"ರಕ್ತದಲ್ಲಿ ಹೋಮೋಸಿಸ್ಟೀನ್ ಅನ್ನೋ ಅಂಶ ಜಾಸ್ತಿ ಇದೆಯಂತೆ, ಅದು ನಾಳಾನ ಇನ್ನಷ್ಟು ಹಾಳು ಮಾಡುತ್ತಂತೆ," ಎನ್ನುತ್ತ ಸೊಸೆ ಬಲಗೈ ಚಾಚಿದಳು.

"ಅದೆಲ್ಲ ಮಷೀನು ಇಟ್ಕೊಂಡೋರ ಮಾತಮ್ಮ. ನನಗೆ ಮೂರು ಬೆರಳು ಸಾಕು. ಎಡಗೈ ಕೊಡು, ಹೆಂಗಸರಿಗೆ ಎಡಗೈಯಲ್ಲೇ ನೋಡೋದು."

"ಬಲಗೈಲಿ ನೋಡಿದ್ರೇ ವಾಸಿ, ಪಂಡಿತರೇ."

"ನನಗೇ ಶಾಸ್ತ್ರ ಹೇಳಿಕೊಡ್ತೀಯಾ?"

ಪಂಡಿತರು ಅವಳ ಎಡ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು. ಮುಖ ಅರಳಿತು.

"ಆಹಾ, ಕಪ್ಪೆ ಕುಪ್ಪಳಿಸೋ ಹಾಗೆ ಬಡೀತಿದೆ ನಾಡಿ! ಬರೀ ಪಿತ್ತ. ನಿನ್ನೆ ಬದನೆಕಾಯಿ ತಿಂದಿದ್ದೀಯ. ಮಾತ್ರೆ ಬಿಸಾಕು, ಕಷಾಯ ಕೊಡ್ತೀನಿ."

"ನೋಡಿದ್ಯೇನೇ?" ಅತ್ತೆ ಬೀಗಿದರು. "ನಾನು ಮಾಡಿದ ಎಣ್ಣೆಗಾಯಿ ಕೂಡ ಗೊತ್ತಾಗೋಯ್ತು ಅವರಿಗೆ!"

ಸೊಸೆ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅತ್ತೆ, ನಾಳ ಮುಚ್ಚಿಹೋಗಿ ಈ ಕೈಯಲ್ಲಿ ನಾಡಿ ಬಡಿಯೋದೇ ನಿಂತು ಒಂದು ವರ್ಷ ಆಯ್ತು."